ಬೋತ್ಯೋ ಮಾವನ ಒಲೆಯೂ ನಲವತ್ತು ಲಕ್ಷ ಜನರೂ

ಇಂಟರ್ನೆಟ್ಟಿನಲ್ಲಿ ನಾಳೆ ಜಗತ್ತು ಯಾವುದಕ್ಕೆ ಹುಚ್ಚು ಹತ್ತಿಸಿಕೊಳ್ಳುತ್ತದೆ ಎಂದು ಇವತ್ತೇ ಹೇಳಬಲ್ಲ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಒಬ್ಬ ಇದ್ದ. ಅವನು ಅಮೆರಿಕದಲ್ಲೂ ಇರಲಿಲ್ಲ, ಚೀನಾದಲ್ಲೂ ಇರಲಿಲ್ಲ. ಬಲ್ಗೇರಿಯಾದ ನಮ್ಮ ಪಜಾರ್ಜಿಕ್ ಊರಿನಲ್ಲಿ, ನಮ್ಮದೇ ಬೀದಿಯಲ್ಲಿ, ಔಷಧಿ ಅಂಗಡಿಯ ಪಕ್ಕದ ನೆಲಮಾಳಿಗೆಯಲ್ಲಿ ಕೂತಿದ್ದ. ಹೆಸರು ಗೆನಾದಿ. ಆ ನೆಲಮಾಳಿಗೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಕಾಲುದಾರಿಯ ಮಟ್ಟಕ್ಕೆ. ಹಾಗಾಗಿ ಇಡೀ ಭೂಮಂಡಲದ ಆಗುಹೋಗು ಬಲ್ಲ ಈ ಮನುಷ್ಯನಿಗೆ ಸ್ವಂತ ಬೀದಿಯಲ್ಲಿ ಕಾಣುತ್ತಿದ್ದದ್ದು ಬರೀ ಪಾದಗಳು. ಹದಿನೈದು ವರ್ಷ ಹಾಗೆ ಕೂತು ಕೂತು, ಊರಿನ ಎಪ್ಪತ್ತು ಸಾವಿರ ಜನರನ್ನೂ ಬರೀ ಬೂಟಿನಿಂದ ಗುರುತಿಸುವಷ್ಟು ಪಳಗಿದ್ದ. ಮುಖ ತೋರಿಸಿದರೆ ಮಾತ್ರ ಸ್ವಲ್ಪ ತಡವರಿಸುತ್ತಿದ್ದ.

ಅವನ ಕಸುಬು ಇಷ್ಟೇ. ಪ್ರತಿ ಸೋಮವಾರ ಬೆಳಿಗ್ಗೆ ಮೂವತ್ತೆಂಟು ಗಿರಾಕಿಗಳಿಗೆ ಒಂದು ಕಾಗದ ಕಳಿಸುವುದು. ಡೆನ್ಮಾರ್ಕಿನಲ್ಲಿ ಒಬ್ಬ ಅಂಗಿಯ ಗುಂಡಿ ಮಾರುವವನಿದ್ದ, ಐರ್ಲೆಂಡಿನಲ್ಲಿ ಮೇಣದಬತ್ತಿಯವಳು, ಪೋರ್ಚುಗಲ್ಲಿನಲ್ಲಿ ಕೊಡೆಯವರು. "ಬರುವ ವಾರ ಜನ ಇಂಥಾದ್ದನ್ನು ನೋಡುತ್ತಾರೆ, ತಯಾರಾಗಿರಿ" ಎಂದು ಇವನು ಬರೆದರೆ, ಅವರು ತಯಾರಾಗಿ ಕೂರುತ್ತಿದ್ದರು. ಅವನ ಮುಂದೆ ಮೂರು ಪರದೆಗಳು. ನಡುವಿನದರಲ್ಲಿ ಭೂಪಟ. ಎಲ್ಲಿ ಯಾವ ವೀಡಿಯೋ ಹೆಚ್ಚು ಓಡುತ್ತದೋ ಅಲ್ಲಿ ಒಂದು ಕೆಂಪು ಚುಕ್ಕೆ ಉರಿಯುತ್ತಿತ್ತು. ಅವನು ಬಾಯಿ ಬಿಡದೆ, ರೆಪ್ಪೆ ಬಡಿಯದೆ ಆ ಚುಕ್ಕೆಗಳನ್ನು ನೋಡುವುದನ್ನು ಕಂಡವರು, ಹಾವಾಡಿಗ ಕೂಡ ಹಾವನ್ನು ಹಾಗೆ ನೋಡಿರಲಾರ ಎನ್ನುತ್ತಿದ್ದರು.

ಅವನದೊಂದು ಕಟ್ಟುನಿಟ್ಟಾದ ನಿಯಮವಿತ್ತು. ವೀಡಿಯೋದ ಕೆಳಗೆ ಜನ ಏನು ಬರೆಯುತ್ತಾರೋ ಅದನ್ನು ಓದಕೂಡದು. ಹತ್ತು ಜನರ ಗೋಳು ಓದುತ್ತಾ ಕೂತವನಿಗೆ ಹತ್ತು ಲಕ್ಷ ಜನರ ನಡಿಗೆ ಕಾಣುವುದಿಲ್ಲ ಎಂಬುದು ಅವನ ವಾದ. ಹದಿನೈದು ವರ್ಷದಲ್ಲಿ ಒಂದೇ ಒಂದು ಸಲವೂ ಅವನು ಪರದೆಯನ್ನು ಅಷ್ಟು ಕೆಳಗೆ ಸರಿಸಿರಲಿಲ್ಲ.

ಅವನಿಗೆ ಹೆಸರು ಬಂದದ್ದು ಗುಂಡಿಯಿಂದ. ಮೂರು ವರ್ಷದ ಹಿಂದೆ ಒಂದು ಸೋಮವಾರ, ಇನ್ನು ಹನ್ನೊಂದು ದಿನದಲ್ಲಿ ಜನ ಅಜ್ಜಿಯ ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಬಣ್ಣ ಬಣ್ಣ ಬೇರೆ ಮಾಡುವುದನ್ನೇ ನೋಡುತ್ತಾ ಕೂರುತ್ತಾರೆ ಎಂದು ಬರೆದ. ಹನ್ನೊಂದನೆಯ ದಿನ ಬ್ರೆಜಿಲ್ಲಿನಿಂದ ಜಪಾನಿನವರೆಗೆ ಗುಂಡಿ ಸುರಿಯುವ ಸದ್ದು ಎಷ್ಟಾಯಿತೆಂದರೆ, ಡೆನ್ಮಾರ್ಕಿನವನ ಗೋದಾಮಿನಲ್ಲಿ ಒಂದು ಗುಂಡಿಯೂ ಉಳಿಯದೆ ಅವನು ತನ್ನ ಅಂಗಿಯದನ್ನೇ ಕಿತ್ತು ಮಾರಿದನಂತೆ. ಅದಾದ ಮೇಲೆ ಗೆನಾದಿ ಹೇಳಿದ ಎಷ್ಟೋ ಮಾತು ಸುಳ್ಳಾಯಿತು. ಜನ ಹಿಂದುಮುಂದಾಗಿ ಸಂತೆಗೆ ನಡೆಯುತ್ತಾರೆ ಎಂದ, ಯಾರೂ ನಡೆಯಲಿಲ್ಲ. ಅಳಿಲುಗಳಿಗೆ ನಾಮಕರಣ ಮಾಡುತ್ತಾರೆ ಎಂದ, ಯಾರೂ ಮಾಡಲಿಲ್ಲ. ಆದರೆ ಅಂಥದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಬೀದಿಯ ಕಾಫಿ ಅಂಗಡಿಯಲ್ಲಿ ಅವನು ಬಂದರೆ ಕುರ್ಚಿ ಖಾಲಿ ಮಾಡಿಕೊಡುತ್ತಿದ್ದರು. ಮದುವೆಗೆ ದಿನ, ಟೊಮೇಟೊ ಸಸಿ ನೆಡಲು ವಾರ, ಎಲ್ಲಕ್ಕೂ ಅವನನ್ನೇ ಕೇಳುತ್ತಿದ್ದರು.

ಜುಲೈ ತಿಂಗಳ ಮೊದಲ ವಾರದಲ್ಲಿ ಕಿಟಕಿಯ ಮುಂದೆ ಒಂದು ಜೊತೆ ಬೂಟು ಬಂದು ನಿಂತಿತು. ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ತುದಿಯಲ್ಲಿ ಒಣಗಿದ ಜೇಡಿಮಣ್ಣು. ಗೆನಾದಿ ಎದ್ದು ಬಾಗಿಲು ತೆಗೆದ. ಸೋದರಮಾವ ಬೋತ್ಯೋ.

ಬೋತ್ಯೋ ಮಾವನಿಗೆ ಎಪ್ಪತ್ತೊಂದು. ಹಳೆಯ ಡಬ್ಬಿ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷದಿಂದ ಅವನು ಚುಶ್ಕೋಪೆಕ್ ಮಾಡುತ್ತಿದ್ದ. ಅಂದರೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ಒಲೆ. ಹೊರಗೆ ತಗಡಿನ ಡಬ್ಬ, ಒಳಗೆ ತಳವಿಲ್ಲದ ಮಣ್ಣಿನ ಗಡಿಗೆ, ಗಡಿಗೆಯ ಸುತ್ತ ಕರೆಂಟಿನ ತಂತಿಯ ಕಾಯಿಲ್, ಮೇಲೊಂದು ಮುಚ್ಚಳ. ಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಒಳಗಿಳಿಸಿದರೆ ಎರಡೇ ನಿಮಿಷದಲ್ಲಿ ಸಿಪ್ಪೆ ಕಪ್ಪಗಾಗಿ ಉಬ್ಬಿ ಬರುತ್ತದೆ. ಸೆಪ್ಟೆಂಬರಿನಲ್ಲಿ ಊರಿನ ಪ್ರತಿ ಬಾಲ್ಕನಿಯಲ್ಲೂ ಒಂದು ಒಲೆ ಉರಿದು, ಆ ಕಂಪಿಗೆ ಮೋಡಗಳು ಕೂಡ ಮುಂದಕ್ಕೆ ಹೋಗಲು ಮನಸ್ಸಿಲ್ಲದೆ ನಮ್ಮೂರ ಮೇಲೆ ನಿಂತುಬಿಡುತ್ತವೆ. ಬೋತ್ಯೋ ಮಾವನ ಒಲೆ ಇಪ್ಪತ್ತೈದು ವರ್ಷ ಬಾಳಿಕೆ ಬರುತ್ತಿತ್ತು. ಅವನ ವ್ಯಾಪಾರ ಕೆಟ್ಟದ್ದೇ ಅದರಿಂದ. ಒಂದು ಸಲ ಕೊಂಡವರು ಮತ್ತೆ ಅವನ ಮುಖ ನೋಡುವ ಹೊತ್ತಿಗೆ ಮೊಮ್ಮಕ್ಕಳ ಮದುವೆ ಆಗಿರುತ್ತಿತ್ತು. ಹೋದ ವರ್ಷ ಮಾರಿದ್ದು ಬರೀ ಅರವತ್ತು.

ಗೆನಾದಿಯ ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಅಕ್ಕ ರಾಲಿತ್ಸಾಗೆ ಹದಿಮೂರು. ಇಬ್ಬರನ್ನೂ ಸಾಕಿದ್ದು ಈ ಮಾವ. ಒಲೆ ಮಾಡಿ, ಒಲೆ ಮಾರಿ, ಓದಿಸಿದ. ಈಗ ಅವನು ಟೋಪಿ ಕೈಯಲ್ಲಿ ಹಿಡಿದು, ಗಿರಾಕಿಗಳ ಕುರ್ಚಿಯ ತುದಿಯಲ್ಲಿ ಕೂತ.

"ನಿನ್ನ ಆ ಡೆನ್ಮಾರ್ಕಿನವನಿಗೆ ಹೇಳ್ತೀಯಲ್ಲ ಗೆನಾದಿ, ಹಂಗೇ ನನಗೂ ಒಂದು ಮಾತು ಹೇಳು. ಮಾಡ್ಲೋ, ಬಿಡ್ಲೋ?"

"ಏನನ್ನ ಮಾವ?"

"ಇನ್ನೇನು ಮಾಡ್ತೀನಿ ನಾನು, ವಿಮಾನಾನಾ? ಒಲೆ ಕಣೋ."

ವಿಷಯ ಹೀಗಿತ್ತು. ಕಾಮೆನ್ ಎಂಬವನೊಬ್ಬ ಆ ಶೆಡ್ಡನ್ನು ಕಾರು ತೊಳೆಯುವ ಜಾಗ ಮಾಡಬೇಕೆಂದು ಕೇಳುತ್ತಿದ್ದ. ಈ ಶರತ್ಕಾಲದಲ್ಲೂ ಒಲೆ ಹೋಗದಿದ್ದರೆ ಶೆಡ್ಡು ಅವನಿಗೆ ಎಂದು ಬೋತ್ಯೋ ಮಾತು ಕೊಟ್ಟಾಗಿತ್ತು. ಆದರೆ ಗಡಿಗೆ ಮಾಡಿ ಒಣಗಿಸಿ ಆವಿಗೆಯಲ್ಲಿ ಸುಡುವುದಕ್ಕೆ ಆರು ವಾರ ಬೇಕು. ಸೆಪ್ಟೆಂಬರಿಗೆ ಒಲೆ ಬೇಕಾದರೆ ಮಣ್ಣು ಈ ವಾರವೇ ಬರಬೇಕು. ಮಾಡಿದರೆ ಎಷ್ಟು ಮಾಡಲಿ, ಇಲ್ಲವೇ ಈಗಲೇ ಬೀಗದ ಕೈ ಕಾಮೆನನ ಕೈಗಿಟ್ಟು ಮನೆಗೆ ಹೋಗಿ ಮಲಗಲೇ ಎಂಬುದು ಮಾವನ ಪ್ರಶ್ನೆ. ಮಲಗಿದರೆ ಬಹಳ ದಿನ ಏಳುವುದಿಲ್ಲ ಎಂದೂ ಸೇರಿಸಿದ. ಅದನ್ನು ಯಾವ ಬೇಜಾರೂ ಇಲ್ಲದೆ, ಬಸ್ಸಿನ ಸಮಯ ಹೇಳುವವನ ಹಾಗೆ ಹೇಳಿದ.

ಗೆನಾದಿ ಹುಡುಕಲು ಕೂತ. ಮೂರು ದಿನ ನೆಲಮಾಳಿಗೆಯಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಅವನಿಗೆ ಆ ವೀಡಿಯೋ ಸಿಕ್ಕಿತು. ನಲವತ್ತೈದು ಸೆಕೆಂಡಿನದು. ಯಾರದೋ ಬಾಲ್ಕನಿ, ಯಾರವೋ ಎರಡು ಕೈ, ಒಂದು ಹಳೆಯ ಒಲೆ. ಮುಚ್ಚಳ ಎತ್ತುವ ಸದ್ದು, ಮೆಣಸಿನಕಾಯಿ ಚಟಪಟ ಅನ್ನುವುದು, ಸಿಪ್ಪೆ ಒಂದೇ ಎಳೆತಕ್ಕೆ ಕಳಚಿ ಬರುವುದು. ಅಷ್ಟೇ. ಮುಖವಿಲ್ಲ, ಮಾತಿಲ್ಲ. ಅದು ಓಡಿದ್ದು ನಲವತ್ತು ಲಕ್ಷ ಸಲ. ಭೂಪಟ ನೋಡಿದರೆ ಜರ್ಮನಿ ಹೊತ್ತಿ ಉರಿಯುತ್ತಿತ್ತು. ಸ್ಪೇನ್ ಕೆಂಪಗಿತ್ತು. ಇಂಗ್ಲೆಂಡು, ಸೈಪ್ರಸ್, ಆ ಕಡೆ ಷಿಕಾಗೋ, ಎಲ್ಲೆಲ್ಲೂ ಚುಕ್ಕೆ. ಬಲ್ಗೇರಿಯಾದಲ್ಲಿ ಮಾತ್ರ ಮಿಣುಕು ಮಿಣುಕು. ಗೆನಾದಿಯ ಎದೆ ಹೊಡೆದುಕೊಂಡ ಸದ್ದಿಗೆ ಪಕ್ಕದ ಔಷಧಿ ಅಂಗಡಿಯ ಸೀಸೆಗಳು ನಡುಗಿದವು. ಜಗತ್ತು ಒಲೆಯನ್ನು ಕಂಡುಹಿಡಿದಿತ್ತು. ಗುಂಡಿಯದು ಇದರ ಮುಂದೆ ಏನೇನೂ ಅಲ್ಲ.

ಅವನು ಓಡಿದ. ಶೆಡ್ಡಿಗೆ ಹೋಗುವ ದಾರಿಯಲ್ಲಿ ಕಾಫಿ ಅಂಗಡಿ ಸಿಕ್ಕಿತು, ಅಲ್ಲೇ ನಿಂತು ಎಲ್ಲರಿಗೂ ಹೇಳಿಬಿಟ್ಟ. ಜರ್ಮನಿಯವರು, ಸ್ಪೇನಿನವರು, ಇಂಗ್ಲಿಷರು, ಎಲ್ಲರೂ ಈ ಸೆಪ್ಟೆಂಬರಿನಲ್ಲಿ ಬಾಲ್ಕನಿಯಲ್ಲಿ ಕೂತು ಮೆಣಸಿನಕಾಯಿ ಸುಡುತ್ತಾರೆ. ಅವರಿಗೆ ಒಲೆ ಬೇಕಾಗುತ್ತದೆ. ಜಗತ್ತಿನಲ್ಲಿ ಅದನ್ನು ಸರಿಯಾಗಿ ಮಾಡುವವನು ನನ್ನ ಮಾವ ಒಬ್ಬನೇ. ಕೇಳಿದವರಲ್ಲಿ ಒಬ್ಬರೂ ಅನುಮಾನ ಪಡಲಿಲ್ಲ. ನಮ್ಮ ಮೆಣಸಿನಕಾಯಿಗೆ ಜಗತ್ತು ಇಷ್ಟು ತಡವಾಗಿ ಎಚ್ಚೆತ್ತಿತಲ್ಲ ಎಂಬುದೊಂದೇ ಅವರ ಆಕ್ಷೇಪ. ಬೋತ್ಯೋ ಮಾವ ಸುದ್ದಿ ಕೇಳಿ ಎಷ್ಟು ಮಾಡಲಿ ಎಂದ. ಸಾವಿರ ಎಂದ ಗೆನಾದಿ. ಮಾವ ಇದ್ದ ಉಳಿತಾಯವನ್ನೆಲ್ಲ ಮಣ್ಣಿಗೂ ತಂತಿಗೂ ತಗಡಿಗೂ ಹಾಕಿದ.

ಕಾಯಿಲ್ ಸುತ್ತುವ ಮಿಂಕಾಳನ್ನು ನಿವೃತ್ತಿಯಿಂದ ಎಬ್ಬಿಸಿ ಕರೆತಂದರು. ಎಪ್ಪತ್ತು ದಾಟಿದ ಹೆಂಗಸು, ನಾಲಿಗೆ ಮಾತ್ರ ಹದಿನೆಂಟರದು. ಅವಳು ಸುತ್ತಿದ ತಂತಿಯನ್ನು ಬಿಚ್ಚಿ ನೇರ ಮಾಡಿದರೆ ರಾಜಧಾನಿ ಸೋಫಿಯಾಕ್ಕೆ ಹೋಗಿ ಬಂದೀತು. ಕೆಲಸ ಶುರುವಾದ ದಿನ ಅವಳೇ ತಾಮ್ರದ ಚೊಂಬಿನಲ್ಲಿ ನೀರು ತಂದು ಶೆಡ್ಡಿನ ಹೊಸ್ತಿಲಿಗೆ ಸುರಿದಳು, ಕೆಲಸ ನೀರು ಹರಿದ ಹಾಗೆ ಹರಿಯಲಿ ಎಂದು. ಗೆನಾದಿಯ ಬೂಟಿನ ಮೇಲೂ ಅರ್ಧ ಸುರಿದು, "ಏನು ಜೋಯಿಸರೇ, ಇದನ್ನ ಮೊದಲೇ ಕಾಣಲಿಲ್ವಾ?" ಎಂದಳು.

ಆರು ವಾರ ಆವಿಗೆ ಆರಲಿಲ್ಲ. ಬೋತ್ಯೋ ಮಾವ ಇಪ್ಪತ್ತು ವರ್ಷ ಚಿಕ್ಕವನಾದ. ಮೊದಮೊದಲು ಕೋಲು ಊರಿಕೊಂಡು ಬರುತ್ತಿದ್ದವನು ಆಗಸ್ಟ್ ಹೊತ್ತಿಗೆ ಆ ಕೋಲಿನಿಂದ ಬೆಕ್ಕುಗಳನ್ನು ಅಟ್ಟುತ್ತಿದ್ದ. ಆರುನೂರ ನಲವತ್ತು ಗಡಿಗೆಗಳು ಸುಟ್ಟು ತಯಾರಾಗಿ ಸಾಲಾಗಿ ನಿಂತವು.

ಆಗಸ್ಟಿನ ಮೂರನೇ ವಾರ ಅಕ್ಕ ರಾಲಿತ್ಸಾ ಊರಿಗೆ ಬಂದಳು. ಸ್ಪೇನಿನ ವಲೆನ್ಸಿಯಾದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾಳೆ; ಅಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ನೋಡಿಕೊಳ್ಳುತ್ತಾಳೆ. ವರ್ಷಕ್ಕೆ ಮೂರು ವಾರ ರಜ. ಬಂದ ದಿನ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕೂತು, ಹತ್ತೊಂಬತ್ತು ವರ್ಷದಿಂದ ಬಾಗಿಲ ಪಕ್ಕದ ಬೆಂಚಿನ ಕೆಳಗೇ ಇರುವ ತನ್ನ ಹಳೆಯ ಚಪ್ಪಲಿ ಮೆಟ್ಟಿ, ಹುರುಳಿಕಾಯಿ ಬಿಡಿಸತೊಡಗಿದಳು. ಪಕ್ಕದಲ್ಲಿ ಫೋನು. ಗೆನಾದಿ ಕಾಫಿ ತರಲು ಒಳಗೆ ಹೋಗಿದ್ದವನು, ಕಿಟಕಿಯಿಂದ ಆ ಸದ್ದು ಕೇಳಿ ಹಾಗೇ ನಿಂತ. ಮುಚ್ಚಳ ಎತ್ತುವ ಸದ್ದು. ಚಟಪಟ. ಸಿಪ್ಪೆ. ಮತ್ತೆ ಮುಚ್ಚಳ.

"ನೀನೂ ನೋಡಿದ್ಯಾ ಅದನ್ನ?" ಹೊರಗೆ ಬಂದು ಹೆಮ್ಮೆಯಿಂದ ಕೇಳಿದ.

"ನೋಡೋದಾ? ಅದನ್ನ ಹಚ್ಚಿಕೊಂಡೇ ಕೆಲಸ ಮಾಡೋದು ನಾನು. ಅಜ್ಜಿಗೆ ಸ್ನಾನ ಮಾಡಿಸೋವಾಗ ಒಂದು ಸಲ, ಊಟ ತಿನ್ನಿಸೋವಾಗ ಹತ್ತು ಸಲ. ದಿನಕ್ಕೆ ನಲವತ್ತು ಸಲ ಆಗುತ್ತೋ ಏನೋ."

"ನಲವತ್ತಾ?"

"ನಾನು ಕಡಿಮೆ ಕಣೋ. ಆ ಲೈಪ್‌ಜಿಗ್‌ನ ಸ್ತಾಂಕಾ ಇಲ್ವಾ, ಜರ್ಮನೀಲಿರೋ ನಮ್ಮ ಬೀದಿಯೋಳು, ಅವಳು ಲಾರಿ ಗೋದಾಮಲ್ಲಿ ಎಂಟು ಗಂಟೇನೂ ಕಿವೀಲಿ ಇಟ್ಕೊಂಡೇ ಇರ್ತಾಳೆ. ಭಾನುವಾರ ನಾವು ನಮ್ಮೋರೆಲ್ಲ ಸೇರಿದಾಗ ಟೀವಿಗೇ ಹಾಕ್ತೀವಿ."

ಗೆನಾದಿ ಬಟ್ಟಲನ್ನು ಮೇಜಿನ ಮೇಲೆ ಇಡಲು ಹೋಗಿ ಗಾಳಿಯಲ್ಲಿ ಇಟ್ಟ. ಕಾಫಿ ಹುರುಳಿಕಾಯಿಯ ಮೇಲೆ ಚೆಲ್ಲಿತು. ಸ್ಪೇನಿನವರು? ಎಂದು ಕೇಳಿದ. ಸ್ಪೇನಿನವರಾರೂ ನೋಡಲ್ವಾ? ರಾಲಿತ್ಸಾ ನಕ್ಕಳು. ಅವಳು ನೋಡಿಕೊಳ್ಳುವ ಮುದುಕಿಯ ಮಗ ಒಂದು ಸಲ ಇಣುಕಿ ನೋಡಿ, ಯಾರ ಮನೆಗೆ ಬೆಂಕಿ ಬಿದ್ದಿದೆ ಎಂದು ಕೇಳಿದ್ದನಂತೆ. ಅದೊಂದು ಬಿಟ್ಟರೆ ಸ್ಪೇನ್ ದೇಶಕ್ಕೂ ಮೆಣಸಿನಕಾಯಿ ಒಲೆಗೂ ಯಾವ ಸಂಬಂಧವೂ ಇರಲಿಲ್ಲ.

ಇಂಥ ತಪ್ಪು ಮಾಡಲು ನಮ್ಮ ದೇಶದವನೇ ಬೇಕು. ನಮ್ಮ ಬೀದಿಯಲ್ಲೇ ಹತ್ತರಲ್ಲಿ ಆರು ಮನೆಗಳ ಬಾಗಿಲು ಹನ್ನೊಂದು ತಿಂಗಳು ತೆರೆಯುವುದಿಲ್ಲ. ಅವರೆಲ್ಲ ಹೊರಗಿದ್ದಾರೆ. ಆದರೆ ಅವರನ್ನು ಹೊರಗಿನವರೆಂದು ಯಾರೂ ಎಣಿಸುವುದಿಲ್ಲ. ಕೆಲಸಕ್ಕೆ ಹೋಗಿದ್ದಾರೆ, ಬರುತ್ತಾರೆ, ಅಷ್ಟೇ. ಚಪ್ಪಲಿ ಇಲ್ಲೇ ಇದೆಯಲ್ಲ. ಗೆನಾದಿಯ ತಲೆಯಲ್ಲೂ ಸ್ಪೇನ್ ಎಂದರೆ ಸ್ಪೇನಿನವರು, ಅಕ್ಕ ಎಂದರೆ ಅಕ್ಕ. ಆ ಕೆಂಪು ಚುಕ್ಕೆಯ ಒಳಗೆ ಕೂತು ಉರಿಯುತ್ತಿರುವವಳು ಅವಳೇ ಎಂದು ಅವನಿಗೆ ಹೊಳೆಯಲೇ ಇಲ್ಲ. ಜಗತ್ತು ಎಂದು ಅವನು ಕೂಗಿ ಹೇಳಿದ್ದು ನಮ್ಮವರನ್ನೇ, ಮನೆ ಬಿಟ್ಟು ಹೋದವರನ್ನೇ.

ನೆಲಮಾಳಿಗೆಗೆ ಹೋಗಿ, ಹದಿನೈದು ವರ್ಷದ ನಿಯಮ ಮುರಿದು, ಪರದೆಯನ್ನು ಕೆಳಗೆ ಸರಿಸಿದ. ಮೂರೂವರೆ ಸಾವಿರ ಜನ ಬರೆದಿದ್ದರು. ಎಲ್ಲವೂ ನಮ್ಮ ಭಾಷೆಯಲ್ಲಿ. ಮ್ಯೂನಿಕ್‌ನಿಂದ ಒಬ್ಬ ಇದು ನನ್ನ ಅಮ್ಮನ ಬಾಲ್ಕನಿಯ ಹಾಗೇ ಇದೆ ಎಂದಿದ್ದ. ಲಂಡನ್ನಿನಿಂದ ಒಬ್ಬಳು, ಇಲ್ಲಿ ಬಾಲ್ಕನಿಯೇ ಇಲ್ಲ, ಶೌಚಾಲಯದ ಕಿಟಕಿಯಲ್ಲಿ ಸುಟ್ಟೆ, ಅಗ್ನಿಶಾಮಕದವರು ಬಂದರು ಎಂದಿದ್ದಳು. ನನ್ನ ಒಲೆ ಸುಟ್ಟುಹೋಗಿ ಎರಡು ವರ್ಷ, ಎಸೆಯಲು ಮನಸ್ಸಿಲ್ಲ, ಮಂಚದ ಕೆಳಗಿಟ್ಟಿದ್ದೇನೆ ಎಂದು ಇನ್ನೊಬ್ಬ. ಹೀಗೇ ಸಾವಿರಾರು. ನಡುವೆ ಒಬ್ಬನೇ ಒಬ್ಬ ನಾರ್ವೆಯವನು ಇದೇನಿದು ಎಂದು ಕೇಳಿದ್ದ. ಮುನ್ನೂರು ಜನ ಒಟ್ಟಿಗೆ ಅವನಿಗೆ ವಿವರಿಸಿದ ರಭಸಕ್ಕೆ ಆ ಮನುಷ್ಯ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಗೆನಾದಿ ಮೂರೂವರೆ ಸಾವಿರವನ್ನೂ ಓದಿದ. ಒಬ್ಬರೂ ಹೊಸ ಒಲೆ ಎಲ್ಲಿ ಸಿಗುತ್ತದೆ ಎಂದು ಕೇಳಿರಲಿಲ್ಲ. ಎಲ್ಲರ ಹತ್ತಿರವೂ ಒಂದೊಂದು ಇತ್ತು. ಹೋಗುವಾಗ ಅಮ್ಮಂದಿರು ಕಾರಿನ ಡಿಕ್ಕಿಯಲ್ಲಿ ಇಟ್ಟು ಕಳಿಸಿದ್ದು.

ಮಾವನ ಹತ್ತಿರ ಹೇಳುವುದು ಹೇಗೆ? ಹೇಳದೆ ಇರಬಹುದಿತ್ತು. ಸೆಪ್ಟೆಂಬರ್ ಬರಲಿ, ಮಾರಾಟ ಆಗದಿರಲಿ, ಜಗತ್ತು ಮನಸ್ಸು ಬದಲಾಯಿಸಿತು ಮಾವ ಎನ್ನಬಹುದಿತ್ತು. ಗಿರಾಕಿಗಳಿಗೆ ಹಾಗೆ ಎಷ್ಟೋ ಸಲ ಹೇಳಿದ್ದ. ಆದರೆ ಆ ಮನುಷ್ಯ ದಿನವೂ ಹೊಸ ಗಡಿಗೆ ಸುಡುತ್ತಿದ್ದ, ಇನ್ನೂ ಮುನ್ನೂರ ಅರವತ್ತು ಬಾಕಿ ಇತ್ತು. ಒಂದು ದಿನ ತಡವಾದರೆ ಇನ್ನೊಂದು ಗಾಡಿ ಮಣ್ಣು. ಅದೇ ಮಧ್ಯಾಹ್ನ ಗೆನಾದಿ ಶೆಡ್ಡಿಗೆ ಹೊರಟ. ರಾಲಿತ್ಸಾ ಕೂಡ ಬರುತ್ತೇನೆಂದು ತಾನು ಬಂದ ಕಾರಿನ ಡಿಕ್ಕಿಯಿಂದ ಏನನ್ನೋ ಚಾದರದಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಬಂದಳು.

ಬೋತ್ಯೋ ಮಾವ ಗಡಿಗೆಗೆ ಬೆರಳಿನಿಂದ ತಟ್ಟಿ ಸದ್ದು ನೋಡುತ್ತಿದ್ದ. ಗೆನಾದಿ ನಿಂತಲ್ಲೇ ಎಲ್ಲವನ್ನೂ ಹೇಳಿದ. ಒಂದು ಮಾತೂ ಬಿಡಲಿಲ್ಲ. ಮಿಂಕಾ ತಂತಿ ಸುತ್ತುವುದನ್ನು ನಿಲ್ಲಿಸಿದಳು. ಆ ಹೆಂಗಸು ಬಾಯಿ ಮುಚ್ಚಿದ್ದನ್ನು ಊರು ಕಂಡದ್ದು ಅದೇ ಮೊದಲು. ಮಾವ ಕೈಯಲ್ಲಿದ್ದ ಗಡಿಗೆಯನ್ನು ಮೆಲ್ಲಗೆ ಸಾಲಿನಲ್ಲಿಟ್ಟ.

"ಹಂಗಾದ್ರೆ ಜರ್ಮನಿಯವರು ಮೆಣಸಿನಕಾಯಿ ಸುಡಲ್ಲ."

"ಇಲ್ಲ ಮಾವ."

"ಸರಿ. ಅವರಿಗೆ ಅದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ." ಮೂಲೆಯ ಸ್ಟೂಲು ತೋರಿಸಿ, "ನೀನು ಬಂದು ಹೇಳಿದೆ. ಕೂತ್ಕೋ," ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕೂತ್ಕೋ ಎಂದದ್ದಕ್ಕೆ ಗೆನಾದಿಯ ಕಣ್ಣಲ್ಲಿ ನೀರು ಬಂತು. ಊರ ಪಕ್ಕದ ಮರಿತ್ಸಾ ನದಿಯ ನೀರು ಆ ದಿನ ಒಂದು ಗೇಣು ಏರಿತ್ತು ಎಂದು ಕಂಡವರು ಹೇಳುತ್ತಾರೆ. ಮಾವ ಆಗಲೇ ಲೆಕ್ಕ ಹಾಕುತ್ತಿದ್ದ, ಮೆತ್ತಗಿನ ದನಿಯಲ್ಲಿ: ತಗಡು ಅಂಗಡಿಯವನು ವಾಪಸು ತಗೊಂಡಾನು, ತಂತಿ ತಗೊಳ್ಳಲ್ಲ, ಗಡಿಗೆಗಳನ್ನ ಯಾರಾದರೂ ಹೂವಿನ ಕುಂಡ ಮಾಡ್ಕೊಳ್ತಾರೋ ಏನೋ, ತಳ ಇಲ್ಲವಲ್ಲ.

ರಾಲಿತ್ಸಾ ಈ ಮಾತಿನ ನಡುವೆ ಚಾದರ ಬಿಚ್ಚಿದಳು. ಒಳಗೆ ಮಾವನದೇ ಒಂದು ಒಲೆ. ಅವಳು ಊರು ಬಿಡುವಾಗಲೇ ಹತ್ತು ವರ್ಷ ಹಳೆಯದು, ಹಿಡಿಯ ಕಪ್ಪು ಬಣ್ಣ ಹೋಗಿತ್ತು.

"ಮಾವ, ಬೇಜಾರಲ್ಲಿದ್ದೀರಿ, ಆದ್ರೂ ಇದನ್ನೊಂದು ನೋಡಿ. ಸತ್ತು ಮೂರು ವರ್ಷ ಆಯ್ತು. ಅಲ್ಲಿ ಒಬ್ಬ ಎಲೆಕ್ಟ್ರಿಷಿಯನ್ನಿಗೆ ತೋರಿಸಿದ್ರೆ, ಇದರಲ್ಲಿ ಗಂಟೆ ಎರಕ ಹುಯ್ತೀರಾ ಅಂತ ಕೇಳ್ದ."

ಮಾವನಿಗೆ ಅಷ್ಟು ಸಾಕಾಗಿತ್ತು. ಬೇಜಾರು ಅಲ್ಲೇ ಬಿಟ್ಟು ಸ್ಕ್ರೂ ಬಿಚ್ಚಲು ಕೂತ. ಕಾಯಿಲ್ ಎರಡು ಕಡೆ ತುಂಡಾಗಿತ್ತು, ಗಡಿಗೆ ದಾರಿಯ ಕುಲುಕಾಟಕ್ಕೆ ಬಿರುಕು ಬಿಟ್ಟಿತ್ತು. ಹೊಸ ಗಡಿಗೆ ಒಂದನ್ನು ಸಾಲಿನಿಂದ ಎತ್ತಿ ಇಳಿಸಿದ, ಚಕ್ಕನೆ ಕೂತಿತು. ಮಿಂಕಾ ತಂತಿ ಸುತ್ತಿದಳು. ಇಪ್ಪತ್ತು ನಿಮಿಷದಲ್ಲಿ ಒಲೆ ಕೆಂಪಗಾಯಿತು. ಸೆಪ್ಟೆಂಬರಿಗೆ ಮೊದಲು ಕೆಂಪು ಮೆಣಸಿನಕಾಯಿ ಎಲ್ಲಿಂದ ಬರಬೇಕು, ಆದರೂ ಮಿಂಕಾ ತನ್ನ ಊಟದ ಡಬ್ಬಿಯಿಂದ ಒಂದು ಹಸಿರು ಕಾಯಿ ತೆಗೆದು ಒಳಗಿಳಿಸಿದಳು. ಚಟಪಟ ಎಂದಿತು. ರಾಲಿತ್ಸಾ ಆ ಸದ್ದಿಗೆ ಒಲೆಯ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟಳು.

ಗೆನಾದಿ ಆ ಗಡಿಗೆಯನ್ನೂ ನೋಡಿದ, ಅಕ್ಕನ ಮುಖವನ್ನೂ ನೋಡಿದ. ಮುಖ ನೋಡಿ ಅವನು ಏನಾದರೂ ತಿಳಿದುಕೊಂಡದ್ದು ಅಪರೂಪ. ಫೋನು ತೆಗೆದ.

"ಇನ್ನೊಂದು ಭವಿಷ್ಯಾನಾ?" ಎಂದಳು ಮಿಂಕಾ.

"ಅಲ್ಲ ಅತ್ತೆ. ಇದು ಬರೀ ಓದಿದ್ದು."

ಎಷ್ಟು ಜನ ಸುಟ್ಟುಹೋದ ಒಲೆಯನ್ನು ಮಂಚದ ಕೆಳಗೆ, ಅಟ್ಟದ ಮೇಲೆ, ಬಟ್ಟೆಯ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೋ ಅಷ್ಟನ್ನೂ ಅವನು ಮಾವನಿಗೆ ಓದಿ ಹೇಳಿದ. ಗಂಟಲು ಒಣಗುವವರೆಗೂ ಓದಿದ. ಆಮೇಲೆ ಜೀವಮಾನದಲ್ಲೇ ಮೊದಲ ಸಲ ವೀಡಿಯೋದ ಕೆಳಗೆ ತಾನೂ ಬರೆದ: ಪಜಾರ್ಜಿಕ್‌ನ ಬೋತ್ಯೋ ಹಳೆಯ ಒಲೆಗೆ ಹೊಸ ಗಡಿಗೆ, ಹೊಸ ಕಾಯಿಲ್ ಹಾಕಿಕೊಡುತ್ತಾರೆ. ಬಸ್ಸಿನವರ ಕೈಯಲ್ಲಿ ಕಳಿಸಿ, ಬಸ್ಸಿನವರ ಕೈಯಲ್ಲೇ ವಾಪಸು ಬರುತ್ತದೆ. ಎಷ್ಟು ಬರುತ್ತವೆ ಎಂದು ಮಾವ ಕೇಳಿದ. ಗೊತ್ತಿಲ್ಲ ಎಂದ ಗೆನಾದಿ. ಅವನ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲವಾದ್ದರಿಂದ ಮಾವನಿಗೆ ನಂಬಿಕೆ ಬಂತು.

ಜರ್ಮನಿಯಿಂದ ಬರುವ ಬಸ್ಸು ಗುರುವಾರ ಬೆಳಿಗ್ಗೆ ಮಾರುಕಟ್ಟೆಯ ಹಿಂದೆ ನಿಲ್ಲುತ್ತದೆ. ಮೊದಲ ಗುರುವಾರ ಗೆನಾದಿ ಹೋಗಿ ನಿಂತ. ಡ್ರೈವರು ಸೂಟ್‌ಕೇಸು ಇಳಿಸಿದ, ಹಳೆಯ ಸೈಕಲ್ಲು ಇಳಿಸಿದ, ಯಾರದೋ ವಾಷಿಂಗ್ ಮಷೀನು ಇಳಿಸಿದ. ಒಲೆ ಇರಲಿಲ್ಲ. ಕಾಫಿ ಅಂಗಡಿಯವರು ಅಷ್ಟು ಹೊತ್ತಿಗೆ ವಿಷಯ ತಿಳಿದಿದ್ದರು. ಅವನು ವಾಪಸು ಬಂದಾಗ ಯಾರೂ ಕುರ್ಚಿ ಬಿಡಲಿಲ್ಲ. ನಾಳೆ ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ಒಬ್ಬ ವಿಚಾರಿಸಿದ. ಗೆನಾದಿ ನಿಂತುಕೊಂಡೇ ಕಾಫಿ ಕುಡಿದ. ರಾತ್ರಿ ಹಗಲೆನ್ನದೆ ಉರಿಯುತ್ತಿದ್ದ ಆವಿಗೆ ಆ ವಾರ ತಣ್ಣಗಿತ್ತು. ಬೋತ್ಯೋ ಮಾವ ಮತ್ತೆ ಕೋಲು ಊರತೊಡಗಿದ. ಬಾಡಿಗೆ ಕಾಗದ ಬರೆಸಲು ಬರುವ ತಿಂಗಳು ಬರುತ್ತೇನೆ ಎಂದು ಕಾಮೆನ್ ಫೋನು ಮಾಡಿದ. ಮಾವ ಬಾ ಎಂದ.

ಎರಡನೇ ಗುರುವಾರ ಹನ್ನೊಂದು ಬಂದವು.

ಮೂರನೇ ಗುರುವಾರ ಬಸ್ಸು ಒಂದು ಕಡೆಗೆ ವಾಲಿಕೊಂಡು ಬಂತು. ಡ್ರೈವರು ಇಳಿದವನೇ ಯಾವ ಸೈತಾನ ಇದನ್ನ ಶುರು ಮಾಡಿದ್ದು, ಅವನ ಮುಖ ತೋರಿಸಿ ಎಂದು ಕೂಗಿದ. ಸಾಮಾನಿನ ಜಾಗ ತುಂಬಿ, ಸೀಟುಗಳ ಮೇಲೂ ಒಲೆಗಳನ್ನು ಕೂರಿಸಿಕೊಂಡು ಬಂದಿದ್ದ. ಗಡಿಯಲ್ಲಿ ಕಾವಲಿನವರು ಬಾಂಬೆಂದು ತಿಳಿದು ನಾಲ್ಕು ಗಂಟೆ ನಿಲ್ಲಿಸಿದ್ದರಂತೆ. ಕೊನೆಗೆ ಒಬ್ಬ ಕಾವಲಿನವನು ತನ್ನ ಅಮ್ಮನದನ್ನೂ ತಂದು ಹತ್ತಿಸಿದ್ದ. ಸ್ಪೇನಿನ ಬಸ್ಸು ಶನಿವಾರ, ಇಂಗ್ಲೆಂಡಿನದು ಸೋಮವಾರ. ಷಿಕಾಗೋದಿಂದ ಒಬ್ಬ ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡೇ ಬಂದ. ಲೆಕ್ಕ ಇಟ್ಟವರು ಸಾವಿರದ ಇನ್ನೂರು ಎನ್ನುತ್ತಾರೆ. ಎರಡು ಬಸ್ಸು ಕಣ್ಣಾರೆ ನೋಡಿದವರು ಆರು ಸಾವಿರಕ್ಕೆ ಕಡಿಮೆ ಹೇಳುವುದಿಲ್ಲ. ಪ್ರತಿ ಒಲೆಗೂ ಒಂದು ಚೀಟಿ ಕಟ್ಟಿತ್ತು. ಬೇಗ ಕಳಿಸಿ, ಹಿಡಿಗೆ ಬಣ್ಣ ಹಚ್ಚಬೇಡಿ, ಅದು ಅಪ್ಪನ ಕೈ ಹಿಡಿದ ಜಾಗ ಎಂದೆಲ್ಲ ಬರೆದಿದ್ದರು.

ಬೋತ್ಯೋ ಮಾವನಿಗೆ ಒಂದು ಹಟ. ಒಂದೊಂದರಲ್ಲೂ ಒಂದು ಮೆಣಸಿನಕಾಯಿ ಸುಟ್ಟು ನೋಡದೆ ವಾಪಸು ಕಳಿಸಕೂಡದು. ಸೆಪ್ಟೆಂಬರ್ ಪೂರ್ತಿ ಇಡೀ ಬೀದಿ ಮೂರು ಹೊತ್ತೂ ಸುಟ್ಟ ಮೆಣಸಿನಕಾಯಿಯನ್ನೇ ತಿಂದಿತು. ಹೆಂಗಸರು ಮಿಕ್ಕದ್ದನ್ನು ಅರೆದು ಲ್ಯುತೆನಿತ್ಸಾ ಎಂಬ ಗೊಜ್ಜು ಮಾಡಿ ಸೀಸೆಗೆ ತುಂಬಿ, ಖಾಲಿ ವಾಪಸು ಹೋಗುವ ಒಲೆಯೊಳಗೆ ಒಂದೊಂದು ಇಟ್ಟರು. ಅದನ್ನು ಯಾರೂ ಹೇಳಿ ಮಾಡಿಸಲಿಲ್ಲ. ರಾಲಿತ್ಸಾಳ ರಜ ಮುಗಿದಿತ್ತು. ತನ್ನದನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದಳು, ಹೋಗುವಾಗ ಚಪ್ಪಲಿಯನ್ನು ಬೆಂಚಿನ ಕೆಳಗೆ ಸರಿಯಾಗಿ ಜೋಡಿಸಿದಳು. ಗೆನಾದಿ ಎರಡು ಸೋಮವಾರ ಗಿರಾಕಿಗಳಿಗೆ ಕಾಗದ ಕಳಿಸಲು ಮರೆತ. ಅವನು ಪ್ಲಗ್ಗು ಹಾಕುವ, ಚೀಟಿ ಬರೆಯುವ ಕೆಲಸದಲ್ಲಿದ್ದ. ಅವನ ಹತ್ತೂ ಬೆರಳು ಇದ್ದಿಲಾಗಿದ್ದವು. ಮಿಂಕಾ ಅವನಿಗೆ ತಂತಿ ಸುತ್ತುವುದನ್ನು ಕಲಿಸಲು ನೋಡಿ, ಈ ಕೈಗೆ ಭವಿಷ್ಯ ಹೇಳೋದೇ ವಾಸಿ ಎಂದು ಬಿಟ್ಟುಬಿಟ್ಟಳು.

ಆರುನೂರ ನಲವತ್ತೂ ಗಡಿಗೆಗಳು ಮುಗಿದು ಆವಿಗೆಯನ್ನು ಮತ್ತೆ ಹಚ್ಚಿದ ದಿನ, ಮಾತು ಕೊಟ್ಟಂತೆ ಕಾಮೆನ್ ಅಳತೆಯ ಪಟ್ಟಿ ಹಿಡಿದು ಬಂದ. ಬಾಗಿಲಲ್ಲಿ ನಿಂತು ಪಟ್ಟಿ ಬಿಚ್ಚಿ ನಾಲ್ಕಡಿ ಎಳೆದ. ಮುಂದಕ್ಕೆ ಜಾಗ ಇರಲಿಲ್ಲ, ಒಲೆಗಳು ಬಾಗಿಲವರೆಗೆ ಮೂರು ಅಂತಸ್ತಾಗಿ ನಿಂತಿದ್ದವು. ಅವುಗಳ ಹಿಂದೆ ಎಲ್ಲೋ ಬೋತ್ಯೋ ಮಾವ ಕೆಮ್ಮುವುದು ಮಾತ್ರ ಕೇಳುತ್ತಿತ್ತು. ಕಾಮೆನ್ ಆ ಚೀಟಿಗಳನ್ನು ಒಂದೊಂದಾಗಿ ಓದಿದ. ಬಹಳ ಹೊತ್ತು ಓದಿದ. ಆಮೇಲೆ ಪಟ್ಟಿ ಸುತ್ತಿ ಜೇಬಿಗಿಟ್ಟುಕೊಂಡು, ಸೈಪ್ರಸ್ಸಿನಲ್ಲಿ ತನ್ನ ಚಿಕ್ಕಮ್ಮನ ಹತ್ತಿರ ಒಂದಿದೆ, ಹಬೆಯೂ ಬರುವುದಿಲ್ಲ, ಬಿಸಿಯೂ ಆಗುವುದಿಲ್ಲ, ತರಿಸಿದರೆ ಎಷ್ಟು ದಿನದಲ್ಲಿ ಆಗುತ್ತದೆ ಎಂದು ಕೇಳಿದ.

"ಸಾಲಲ್ಲಿ ಬರಬೇಕಪ್ಪ," ಎಂದಿತು ಒಲೆಗಳ ಹಿಂದಿನ ದನಿ. "ಶೆಡ್ಡಿನ ಮಾತು ಎತ್ತಬೇಡ, ಕೈ ಖಾಲಿ ಇಲ್ಲ. ಗೆನಾದಿ, ಇವನ ಚಿಕ್ಕಮ್ಮನ ಹೆಸರು ಬರ್ಕೊಳ್ಳೋ."

ಗೆನಾದಿ ಮಸಿ ಹಿಡಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಹೆಸರು ಹೇಳಿ ಎಂದ.